ಎರಡು ಸಾವಿರ ಕಾಲುಗಳ ಹೊಣೆ

ನಮ್ಮವರು ಯಾವ ಹಳೆಯ ಕಂಪ್ಯೂಟರನ್ನೂ ಕೈಗಾಡಿಯಲ್ಲಿ ತಂದವರಲ್ಲ. ಕೂಸನ್ನು ಎತ್ತಿಕೊಂಡಂತೆ ಸೊಂಟದ ಮೇಲೆ ಕೂರಿಸಿಕೊಂಡು, ಒಂದು ಕಡೆ ವಾಲಿ, ಬೀದಿಯ ಗೋಡೆ ಸವರಿಕೊಂಡು ನಡೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಹಾಗೆ ನಡೆದದ್ದಕ್ಕೆ ಬರಿಗೈಯಲ್ಲಿ ಬರುವಾಗಲೂ ವಾಲುತ್ತಿದ್ದರು. ಕಡೆಯ ದಿನ ಸಂಜೆಯೂ ಹಾಗೇ ಬಂದರು. ನಾಲ್ಕು ಜೇಬಿನ ಕಂದು ಕೋಟು ಬಿಚ್ಚಿ ಮೊಳೆಗೆ ಹಾಕಿದರು.

“ಆಯ್ತಾ ಕೆಲಸ?” ಅಂದೆ.

“ಅರ್ಧ ಆಯ್ತು ಕಣೇ. ಸಾಫ್ಟ್‌ವೇರ್ ಹೊಸದಕ್ಕೆ ಬಂತು. ಕಾಲುಗಳು ಇನ್ನೂ ಹಳೇದರಲ್ಲೇ ಇವೆ. ಮುಟ್ಟಬೇಡಿ ಅಂತ ಯಜಮಾನರಿಗೆ ಹೇಳಿ ಬಂದಿದೀನಿ. ನಾಳೆ ದಾಟಿಸ್ತೀನಿ.”

ಕಾಲುಗಳೆಂದರೆ ಅಳತೆಗಳು. ನಮ್ಮ ಬೀದಿಯ ತಿರುವಿನಲ್ಲಿ ಬೂಟು ಹೊಲಿಯುವ ಕಾರ್ಖಾನೆಯಿದೆ. ಒಂದು ಕಾಲು ಗಿಡ್ಡ ಇರುವವರು, ಬೆರಳಿಲ್ಲದವರು, ಪಾದ ತಿರುಚಿದವರು ಅಲ್ಲಿಗೆ ಬರುತ್ತಾರೆ. ಸಾವಿರ ಜನರ ಅಳತೆ ಅಲ್ಲಿನ ಒಂದೇ ಹಳೆಯ ಕಂಪ್ಯೂಟರಿನಲ್ಲಿತ್ತು. “ಎರಡು ಸಾವಿರ ಕಾಲು ಕಣೇ, ನಾಲ್ಕು ಕಮ್ಮಿ” ಎಂದು ನಕ್ಕರು. ನಾಲ್ವರಿಗೆ ಒಂದೊಂದೇ ಕಾಲು.

ಮರುದಿನ ಬೆಳಿಗ್ಗೆ ಕೋಟಿನ ಒಂದು ತೋಳು ತೊಟ್ಟವರು ಇನ್ನೊಂದನ್ನು ತೊಡಲಿಲ್ಲ. ಹೃದಯ ಎಂದರು ಡಾಕ್ಟರು.

ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಸಾಮಾನು ಸಾಗಿಸುವುದೇ ಅವರ ಕಸುಬು. ಅದರಲ್ಲಿ ಅವರಿಗೊಂದು ಹಟವಿತ್ತು. ಪ್ರತಿಯೊಂದು ಫೈಲನ್ನೂ ಗಿರಾಕಿ ತನ್ನ ಕೈಯಿಂದಲೇ ತೆರೆದು ನೋಡುವ ತನಕ ಹಳೆಯದನ್ನು ಬಿಟ್ಟುಕೊಡುತ್ತಿರಲಿಲ್ಲ. “ಬಂದಿದೆ ಬಿಡ್ರೀ” ಅಂದರೆ, “ಬಂದಿದೆ ಅನ್ನೋದು ಬೇರೆ, ತೆರೆಯುತ್ತೆ ಅನ್ನೋದು ಬೇರೆ. ತೆರೆದು ನೋಡಿದ್ರಾ?” ಎಂದು ಗಲ್ಲ ಕೆರೆದುಕೊಂಡು ಕೂರುತ್ತಿದ್ದರು. ಒಬ್ಬ ವಕೀಲರನ್ನು ಮೂರು ಗಂಟೆ ಕೂರಿಸಿದ್ದರು. “ನನ್ನ ಹೆಂಡತೀನೂ ಇಷ್ಟು ಪಾಟೀಸವಾಲು ಹಾಕಲ್ಲ ಕಣ್ರೀ” ಅಂದರು ವಕೀಲರು. “ಅವರಿಗೂ ಕಲಿಸಿಕೊಡ್ತೀನಿ, ಮುಂದಿನದು ತೆಗೀರಿ” ಅಂದರು ಇವರು. ಅಡುಗೆ ಆಯಿತೆಂದರೆ ನನ್ನನ್ನೂ ಕೇಳುತ್ತಿದ್ದರು, ಮುಚ್ಚಳ ತೆಗೆದು ನೋಡಿದ್ಯಾ ಎಂದು. ನನಗೆ ಮೈ ಉರಿಯುತ್ತಿತ್ತು.

ಅವರು ಹೋಗಿ ಎರಡು ವಾರ ಆಗಿರಲಿಲ್ಲ. ಕಾರ್ಖಾನೆಯ ಯಜಮಾನರು ನಮ್ಮ ಬಾಗಿಲಿಗೆ ಬಂದು ನಾಲ್ಕು ಮನೆಗೆ ಕೇಳುವಂತೆ ಅಂದರು: “ನಿಮ್ಮವರು ಕೆಡಿಸಿಟ್ಟು ಹೋದ್ರಲ್ಲಮ್ಮಾ! ಹೊಸದರಲ್ಲಿ ಒಂದೇ ಒಂದು ಕಾಲಿನ ಅಳತೆ ಇಲ್ಲ.”

ನಾನು ಅಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆಯೇ ಹೊರಟೆ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಅವರು ಕಂಪ್ಯೂಟರು ಬಿಚ್ಚುತ್ತಿದ್ದ ಮೇಜಿನ ಮೇಲೆಯೇ ನಾನು ತರಕಾರಿ ಹೆಚ್ಚಿದವಳು. ಹೊಸ ಪರದೆಯ ಮೇಲೆ ಸಾಲು ಸಾಲು ಚಿತ್ರಗಳಿದ್ದವು, ಒಂದೊಂದರ ಕೆಳಗೂ ಒಬ್ಬ ಗಿರಾಕಿಯ ಹೆಸರು. ಪ್ರತಿ ಚಿತ್ರದ ಮೂಲೆಯಲ್ಲಿ ಸೊಟ್ಟ ಬಾಣ. ಆ ಬಾಣ ನನಗೆ ಗೊತ್ತು. ಅದಿದ್ದರೆ ಆ ಚಿತ್ರ ಬರೀ ದಾರಿ ತೋರಿಸುತ್ತದೆ, ಸರಕು ಬೇರೆ ಕಡೆ ಇರುತ್ತದೆ. ಹಿಂದೆ ಯಾರೋ ಅಂಥವನ್ನೇ ನಕಲು ಮಾಡಿ ತಂದಾಗ ನಮ್ಮವರು, “ಪುಣ್ಯಾತ್ಮ ಬಾಗಿಲು ಹೊತ್ಕೊಂಡು ಬಂದಿದಾನೆ, ಮನೆ ಅಲ್ಲೇ ಬಿಟ್ಟು” ಎಂದಿದ್ದರು.

“ಇವನ್ನ ಇಲ್ಲಿಗೆ ಹಾಕಿದ್ದು ಯಾರು?” ಅಂದೆ.

“ನಾನೇ” ಅಂದ ಯಜಮಾನರ ಅಳಿಯ. “ಅವರು ಬಿಟ್ಟಿದ್ದನ್ನ ಮುಗಿಸಿದೆ. ಎಳೆದು ಹಾಕೋದು ತಾನೇ, ಏನು ಮಹಾ!”

“ಹಳೇದು ಎಲ್ಲಿ?”

“ಗುಜರಿಗೆ ಕೊಟ್ಟೆ.”

“ಯಾವತ್ತು?”

“ಅವರು ಹೋದ ಮೂರನೇ ದಿನ.”

“ಕೊಡೋಕೆ ಮುಂಚೆ ಒಂದಾದರೂ ತೆರೆದು ನೋಡಿದ್ರಾ?”

ಅಳಿಯ ಬೂಟಿನ ಅಚ್ಚು ಎತ್ತಿಕೊಂಡು ಧೂಳು ಒರೆಸತೊಡಗಿದ. ಯಜಮಾನರಿಗೂ ಅರ್ಥವಾಯಿತು. ಅವರ ಮುಖದಲ್ಲಿ ಅದು ಕಂಡಿತು. ಆದರೂ ದನಿ ತಗ್ಗಿಸಿ ಅಂದರು: “ಆಗಿದ್ದು ಆಗಿಹೋಯ್ತು ಬಿಡಮ್ಮಾ. ಹೋದವರ ಹೆಸರಲ್ಲೇ ಇರಲಿ. ಅವರಿಗೆ ಈಗೇನು ನಷ್ಟ? ಇವನು ಬಾಳಿ ಬದುಕಬೇಕಾದವನು.”

“ನಾನು ಸತ್ತಿದೀನಾ?” ಅಂದೆ.

ಗುಜರಿಗೂ ಹೋದೆ. ಅಲ್ಲಿ ಎಲ್ಲವನ್ನೂ ಜಜ್ಜಿ ತಗಡು ಮಾಡಿದ್ದರು.

ಒಂದು ಕಡೆಯದನ್ನು ಇನ್ನೊಂದು ಕಡೆಗೆ ದಾಟಿಸುವವರ ಹಣೆಬರಹವೇ ಇಷ್ಟು. ಸಾಮಾನು ದಡ ಸೇರಿದರೆ ಅದು ತಾನಾಗಿಯೇ ನಡೆದುಬಂತು ಅಂದುಕೊಳ್ಳುತ್ತಾರೆ ಜನ. ಮುಳುಗಿದರೆ ಮಾತ್ರ ಅಂಬಿಗ ಯಾರೆಂದು ಕೇಳುತ್ತಾರೆ. ಅಂಬಿಗ ಸತ್ತಿದ್ದರಂತೂ ಇನ್ನೂ ಒಳ್ಳೆಯದು, ಎದುರುತ್ತರ ಬರುವುದಿಲ್ಲ.

ಈಗ ಕಾರ್ಖಾನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಾರೆ: “ಕಂಪ್ಯೂಟರ್ ರಿಪೇರಿಯವರ ತಪ್ಪಿನಿಂದ ಹಳೆಯ ಅಳತೆಗಳು ಹೋಗಿವೆ. ದಯವಿಟ್ಟು ಮತ್ತೆ ಅಳತೆ ಕೊಡಿ.” ಬೆಳಿಗ್ಗೆ ಹಾಲಿಗೆ ಹೋಗುವಾಗ ಕಾರ್ಖಾನೆ ಇನ್ನೂ ತೆರೆದಿರುವುದಿಲ್ಲ. ‘ಕಂಪ್ಯೂಟರ್ ರಿಪೇರಿಯವರ’ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ‘ಯಜಮಾನರ ಅಳಿಯನ’ ಎಂದು ಬರೆಯುತ್ತೇನೆ. ನನ್ನ ಅಕ್ಷರ ದಪ್ಪ, ನಿಧಾನ. ಸಂಜೆಯೊಳಗೆ ಹೊಸ ಹಾಳೆ ಬಂದಿರುತ್ತದೆ. ಬರಲಿ. ಮಾರನೆಯ ಬೆಳಿಗ್ಗೆ ಹಾಲಿನ ಪಾತ್ರೆ ಕೆಳಗಿಟ್ಟು ಮತ್ತೆ ಬರೆಯುತ್ತೇನೆ.