ಹತ್ತನೇ ಜಾಗ

ಕ್ಲೀವನ್‌ನ ಎಡಗೈ ರೆಂಜೊನ ಹುಬ್ಬಿಗೆ ಬಡಿದ ಸದ್ದು ಬಾಗಿಲ ಬಳಿ ನಿಂತವರಿಗೂ ಕೇಳಿಸಿತು. ಒದ್ದೆ ಟವೆಲನ್ನು ಗೋಡೆಗೆ ಬೀಸಿ ಒಗೆದ ಹಾಗೆ.

“ಬಿಡಬೇಡ, ಅವನ ಹಿಂದೇನೇ ಹೋಗು!” ಥರ್ಮನ್ ಗ್ಯಾಡ್ಸ್‌ಡೆನ್ ರಿಂಗಿನ ಹಗ್ಗಕ್ಕೆ ಮೊಣಕೈ ಊರಿ ಕೂಗಿದ. “ಉಸಿರು ತಗೊಳ್ಳೋಕೆ ಬಿಟ್ಟರೆ ಮನೆಗೆ ಹೋಗಿ ಉಪಚಾರ ಚೆನ್ನಾಗಿತ್ತು ಅಂತಾನೆ!”

ಕ್ಲೀವನ್ ಬಿಡಲಿಲ್ಲ. ಥರ್ಮನ್‌ನ ಜಿಮ್ಮಿನವನು, ಬಾಗಿಲಿನಷ್ಟು ಅಗಲದ ಎಡಚ. ರೆಂಜೊನನ್ನು ಮೂಲೆಗೆ ಒತ್ತಿ, ತಲೆಯನ್ನು ಅವನ ಎದೆಗೆ ಆನಿಸಿ, ಎರಡೂ ಕೈಯಿಂದ ಪಕ್ಕೆಗೆ ಇಕ್ಕತೊಡಗಿದ. ಗೋಡೆಗೆ ಒರಗಿದ್ದವರಿಗೆ ಖುಷಿಯೋ ಖುಷಿ.

“ಇವನೇ ಅಂತೆ ಜಗತ್ತಿನ ಹತ್ತು ಜನರಲ್ಲಿ ಒಬ್ಬ ಆಗೋನು!”

“ಯಾಕಾಗಬಾರದು? ಲಂಡನ್ನಿನ ಒಕೊರೊ ಎಂಟನೆಯವನಾಗಿ ಕೂತಿಲ್ವಾ? ಅವನನ್ನ ನಮ್ಮತ್ತೆ ಕೆಡವ್ತಾಳೆ.”

“ನಿಮ್ಮತ್ತೇನ ನಾನು ನೋಡಿದೀನಿ ಕಣಯ್ಯ. ಆಕೆಗೆ ಐದನೇ ಜಾಗ ಕೊಟ್ಟರೂ ಕಮ್ಮೀನೇ.”

ಥರ್ಮನ್ ನಗಲಿಲ್ಲ. ಅವನ ಕಣ್ಣು ರಿಂಗಿನಾಚೆ, ಹಬೆಯ ಕೊಳವೆಯ ಪಕ್ಕದಲ್ಲಿ ಮಡಚುವ ಕುರ್ಚಿಯ ಮೇಲೆ ಕೂತಿದ್ದ ಮುದುಕನ ಮೇಲಿತ್ತು. ಅಲ್ಡೊ ಪೆಟ್ರೋನ್. ರೆಂಜೊನ ತಾತ. ಹ್ಯಾಟನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಮೊಮ್ಮಗನಿಗೆ ಬೀಳುವ ಒಂದೊಂದು ಗುದ್ದಿಗೂ ಅದರ ಅಂಚನ್ನು ಹಿಂಡುತ್ತಿದ್ದ. ಹಿಂಡು, ಅಂದುಕೊಂಡ ಥರ್ಮನ್. ಇನ್ನೂ ಹಿಂಡು.

ಹೆವಿವೇಟ್ ಬಾಕ್ಸಿಂಗ್‌ನಲ್ಲಿ ಈ ಹೊತ್ತು ಜಗತ್ತಿನ ಮೊದಲ ಹತ್ತು ಜನ ಯಾರೆಂದು ತಿಂಗಳಿಗೊಮ್ಮೆ ಹೇಳುವ ಪತ್ರಿಕೆಯೊಂದಿತ್ತು. ಆ ಹತ್ತರೊಳಗಿದ್ದವನಿಗಷ್ಟೇ ಚಾಂಪಿಯನ್ ಎದುರು ನಿಲ್ಲುವ ಯೋಗ. ಆಚೆ ಇರುವವನು ಎಷ್ಟೇ ಗಟ್ಟಿಗನಾದರೂ ಟಿವಿ ಮುಂದೆ ಕೂತು ಚಪ್ಪಾಳೆ ತಟ್ಟಬೇಕು. ಶ್ರೇಯಾಂಕ ಗೊತ್ತುಮಾಡುವವರು ಐದು ಜನ. ಹಳೆಯ ಬಾಕ್ಸರ್ ಒಬ್ಬನಿದ್ದರೆ ಶೋಭೆ ಅಂತ ಈಚೆಗೆ ಥರ್ಮನ್‌ನನ್ನೂ ಸೇರಿಸಿಕೊಂಡಿದ್ದರು. ಈ ತಿಂಗಳು ಹತ್ತರಲ್ಲಿ ಒಬ್ಬ ನಿವೃತ್ತನಾಗಿದ್ದ. ರೆಂಜೊ ಪೆಟ್ರೋನ್ ಬರಲಿ ಅಂತ ಇಬ್ಬರು ಹೇಳಿದರು. ಇವನು ಇಷ್ಟು ದಿನ ಗೆದ್ದಿರುವುದೆಲ್ಲ ಸೋಲಲೆಂದೇ ಕರೆತಂದವರ ಮೇಲೆ, ಬೇಡ ಅಂತ ಇನ್ನಿಬ್ಬರು. ಹುಡುಗ ನಿಮ್ಮ ಊರಿನವನೇ ಅಲ್ಲವೇ, ನೀನೇ ಕಣ್ಣಾರೆ ನೋಡಿ ಹೇಳು ಥರ್ಮನ್, ನಿನ್ನ ಮಾತೇ ಕೊನೆ ಅಂತ ಹಿರಿಯ ಸದಸ್ಯ ಫೋನಿನಲ್ಲಿ ಹೇಳಿದ್ದ. “ನನ್ನ ಜಿಮ್ಮಿಗೆ ಕಳಿಸಿ,” ಅಂದಿದ್ದ ಥರ್ಮನ್. “ತಾತನೂ ಜೊತೇಲಿ ಬರಲಿ.”

ಫಿಲಡೆಲ್ಫಿಯಾದ ಜಿಮ್ಮುಗಳಿಗೆ ಒಂದು ಕಟ್ಟಳೆಯಿದೆ. ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಸೆಣಸಾಟದಲ್ಲಿ, ಆದದ್ದು ಬಾಗಿಲು ದಾಟುವಂತಿಲ್ಲ. ಯಾರು ಯಾರನ್ನು ಕೆಡವಿದರು, ಯಾರ ಮೂಗು ಒಡೆಯಿತು, ಹೆಂಡತಿಗೂ ಹೇಳುವಂತಿಲ್ಲ. ಹೇಳಿದವನ ಎದುರು ಈ ಊರಿನಲ್ಲಿ ಮತ್ತೆ ಯಾರೂ ಗ್ಲೌಸ್ ಹಾಕುವುದಿಲ್ಲ. ಗಂಟೆ ಬಾರಿಸುವ ಮಿಸ್ ವರ್ಡೆಲ್ ಬಾಗಿಲಲ್ಲೇ ನಿಂತು ಎಲ್ಲರ ಮೊಬೈಲನ್ನೂ ಬಿಸ್ಕತ್ತಿನ ಡಬ್ಬಿಗೆ ಹಾಕಿಸಿಕೊಂಡಿದ್ದಳು. ಅಂದರೆ ಇವತ್ತು ಇಲ್ಲಿಂದ ಹೊರಗೆ ಹೋಗುವುದು ಒಂದೇ ಮಾತು, ಥರ್ಮನ್‌ನದು. ಅದು ನಿಜವೋ ಸುಳ್ಳೋ ಯಾರೂ ಬಾಯಿ ಬಿಡುವಂತಿಲ್ಲ. ಅಲ್ಡೊಗೆ ಇದು ಗೊತ್ತು. ಬಂದು ಕೂತಾಗಿನಿಂದ ಅವನು ಕೋಟು ಬಿಚ್ಚಿರಲಿಲ್ಲ.

ಅವನಿಗೆ ಇನ್ನೊಂದೂ ಗೊತ್ತಾಗಿತ್ತು. ಸ್ಪಾರಿಂಗ್‌ಗೆ ದಿಂಬಿನಂಥ ದಪ್ಪ ಗ್ಲೌಸ್ ಹಾಕುತ್ತಾರೆ. ರೆಂಜೊ ಹಾಕಿದ್ದೂ ಅದನ್ನೇ. ಕ್ಲೀವನ್‌ಗೆ ಮಾತ್ರ ಥರ್ಮನ್ ಪಂದ್ಯದ ತೆಳು ಗ್ಲೌಸ್ ಕಟ್ಟಿದ್ದ. ಶುರುವಿನಲ್ಲಿ ಕೈ ಕೈ ತಾಗಿಸಿದಾಗ ಹುಡುಗ ಕ್ಲೀವನ್‌ನ ಮುಷ್ಟಿಯನ್ನು ನೋಡಿ, ಕತ್ತೆತ್ತಿ ಥರ್ಮನ್‌ನ ಮುಖ ನೋಡಿದ್ದ. ಆಮೇಲೆ ಮುಷ್ಟಿ ಎತ್ತಿ ನಿಂತಿದ್ದ.

“ಥರ್ಮನ್,” ಮಿಸ್ ವರ್ಡೆಲ್ ಗಂಟೆಯ ಹಗ್ಗ ಹಿಡಿದು ಹೇಳಿದಳು. “ಸುತ್ತು ಮುಗೀತು.”

“ಇನ್ನೂ ಆಗಿಲ್ಲ.”

“ನನ್ನ ಗಡಿಯಾರ ಕೆಟ್ಟಿಲ್ಲಪ್ಪ.”

“ನಂದೂ ಕೆಟ್ಟಿಲ್ಲ.” ಅವನು ಅವಳ ಕೈಮೇಲೆ ಕೈಯಿಟ್ಟು ಹಗ್ಗವನ್ನು ಹಿಡಿದ. “ಮೂವತ್ತು ವರ್ಷದಿಂದ ನಡೀತಾ ಇದೆ ಈ ಸುತ್ತು. ಇನ್ನೊಂದು ಸ್ವಲ್ಪ ನಡೀಲಿ ಬಿಡು.”

ಆ ಮೂವತ್ತು ವರ್ಷದ ಹಿಂದೆ ಶ್ರೇಯಾಂಕ ಗೊತ್ತುಮಾಡುತ್ತಿದ್ದವನು ಅಲ್ಡೊ. ಅವನು ಬೇಡವೆಂದರೆ ಮಿಕ್ಕ ನಾಲ್ವರು ಬೇಕೆನ್ನುತ್ತಿರಲಿಲ್ಲ. ಥರ್ಮನ್ ಆಗ ಜಗತ್ತಿಗೆ ನಾಲ್ಕನೆಯವನು. ಅಟ್ಲಾಂಟಿಕ್ ಸಿಟಿಯಲ್ಲಿ ಮೂರನೆಯವನನ್ನು ಕೆಡವಿ ಬಂದಿದ್ದ, ರಸ್ತೆಯಲ್ಲಿ ಹೋದರೆ ಅಂಗಡಿಯವರು ಹೊರಗೆ ಬಂದು ಕೈ ಕುಲುಕುತ್ತಿದ್ದರು. ಅಲ್ಡೊ ಅವನನ್ನು ಊರಿನ ದಕ್ಷಿಣಕ್ಕೆ, ತನ್ನ ಇಟಾಲಿಯನ್ ಕಡೆಯವರ ಅಂಗಡಿಗೆ ಕರೆಸಿ, ಹಂದಿಮಾಂಸದ ಸ್ಯಾಂಡ್‌ವಿಚ್ ತರಿಸಿಕೊಟ್ಟ. ಭುಜದ ಮೇಲೆ ಕೈಯಿಟ್ಟ. ಮೇಲಿದ್ದರೆ ಎಲ್ಲರ ಕಣ್ಣು ಬೀಳುತ್ತದೆ, ಹತ್ತನೇ ಜಾಗಕ್ಕೆ ಇಳಿಸುತ್ತೇನೆ, ಅದು ತಂಪು ಜಾಗ, ಎರಡು ತಿಂಗಳಲ್ಲಿ ನಾನೇ ಮೇಲೆ ತರುತ್ತೇನೆ ಅಂದ. ಮುಂದಿನ ತಿಂಗಳು ಥರ್ಮನ್ ಹತ್ತರಲ್ಲೂ ಇರಲಿಲ್ಲ. ಆ ಜಾಗದಲ್ಲಿ, ಪಂದ್ಯ ಏರ್ಪಡಿಸುವ ಯಾವನೋ ದೊಡ್ಡ ಪ್ರವರ್ತಕ ಸಾಕಿದ ಹುಡುಗನಿದ್ದ. ಶ್ರೇಯಾಂಕವಿಲ್ಲದ ಗಟ್ಟಿಗನ ಜೊತೆ ಯಾರು ಸೆಣಸುತ್ತಾರೆ? ಗೆದ್ದರೆ ಹೆಸರಿಲ್ಲ, ಸೋತರೆ ಮಾನ ಹೋಗುತ್ತದೆ. ಥರ್ಮನ್ ಊರಿನ ಬಸ್ಸು ಓಡಿಸಿದ. ಬ್ರಾಡ್ ಸ್ಟ್ರೀಟಿನಲ್ಲಿ ಹತ್ತುವವರು ಕೆಲವರು ಗುರುತು ಹಿಡಿದು, “ನೀನು ಆ ಗ್ಯಾಡ್ಸ್‌ಡೆನ್ ಅಲ್ವಾ?” ಅನ್ನುತ್ತಿದ್ದರು. ಅಲ್ಲ ಅನ್ನುತ್ತಿದ್ದ.

ಇಳಿಸಿದ್ದನ್ನು ಅವನು ಹೇಗೋ ನುಂಗಿಕೊಂಡಿದ್ದ. ನುಂಗಲಾಗದ್ದು ಬೇರೆಯೇ ಇತ್ತು. ಆ ದಿನ ಹತ್ತನೇ ಜಾಗ ಅಂದಾಗ, ಬಾಯಲ್ಲಿದ್ದ ತುತ್ತನ್ನು ಒಳಗೆ ಇಳಿಸಿ, ಕೈ ಒರೆಸಿಕೊಂಡು, ಅವನು ಹೇಳಿದ್ದ: “ಥ್ಯಾಂಕ್ ಯೂ, ಸರ್.”

ರಿಂಗಿನಲ್ಲಿ ರೆಂಜೊನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿದಿತ್ತು. ಕ್ಲೀವನ್ ಮತ್ತೆ ಎಡಗೈ ಎತ್ತಿದ. ಆಗ ಹುಡುಗ ಯಾವ ಅವಸರವೂ ಇಲ್ಲದೆ ತನ್ನ ಎಡ ಪಾದವನ್ನು ಕ್ಲೀವನ್‌ನ ಬಲ ಪಾದದ ಹೊರಗೆ ತಂದಿಟ್ಟ. ಬಲಗೈಯನ್ನು ಮುಖದ ಕಡೆ ಬರಿದೆ ತೋರಿಸಿದ. ಕ್ಲೀವನ್ ಅತ್ತ ಕೈ ಎತ್ತಿದ್ದೇ ತಡ, ಎಡಗೈ ಕೆಳಗಿನಿಂದ ಬಂದು ಬಲ ಪಕ್ಕೆಯಡಿ, ಲಿವರ್ ಇರುವ ಜಾಗಕ್ಕೆ ಹೊಕ್ಕಿತು. ದೊಡ್ಡ ಸದ್ದೇನೂ ಆಗಲಿಲ್ಲ. ಕ್ಲೀವನ್ ಒಂದು ಹೆಜ್ಜೆ ಹಿಂದಿಟ್ಟ, ಏನನ್ನೋ ಮರೆತು ಬಂದವನ ಹಾಗೆ ಅತ್ತಿತ್ತ ನೋಡಿದ, ಮಂಡಿಯೂರಿ ಕೂತುಬಿಟ್ಟ.

ಗೋಡೆಗೆ ಒರಗಿದ್ದವರು ನೆಟ್ಟಗೆ ನಿಂತರು. ಹಬೆಯ ಕೊಳವೆಯಷ್ಟೇ ಸಿಳ್ಳೆ ಹಾಕುತ್ತಿತ್ತು.

ಬೇಡ ಬೇಡವೆಂದರೂ ಥರ್ಮನ್‌ನ ತಲೆಯೊಳಗೆ ಹತ್ತು ಜನರ ಪಟ್ಟಿಯ ಎಣಿಕೆ ಶುರುವಾಯಿತು. ಒಕೊರೊಗೆ ಈ ಹೆಜ್ಜೆ ಕನಸಿನಲ್ಲೂ ಬರುವುದಿಲ್ಲ. ಇವನು ಒಕೊರೊಗಿಂತ ಮೇಲೆ. ಹ್ಯೂಸ್ಟನ್ನಿನ ಮೇಫೀಲ್ಡ್‌ಗೆ ಕೈ ಇದೆ, ಕಾಲಿಲ್ಲ. ಅವನಿಗಿಂತಲೂ ಮೇಲೆ. ಉಕ್ರೇನಿನವನಿಗೆ ಕಾಲಿದೆ, ಆದರೆ ಕಣ್ಣಿಗೆ ರಕ್ತ ಇಳಿದರೆ ಗಾಬರಿ ಬೀಳುತ್ತಾನೆ, ಇವನು ಬೀಳಲಿಲ್ಲ. ಎಣಿಕೆ ಮೆಟ್ಟಿಲು ಹತ್ತುತ್ತ ಹೋಗಿ ತಾನೇ ಒಂದು ಕಡೆ ನಿಂತಿತು. ಮೇಲಿನ ಮೂವರ ಕೆಳಗೆ. ನಾಲ್ಕು.

ಥರ್ಮನ್ ಗಂಟೆಯ ಹಗ್ಗ ಬಿಟ್ಟ. ಮಿಸ್ ವರ್ಡೆಲ್ ಗಂಟೆ ಬಾರಿಸಿದಳು.

“ಕ್ಷಮಿಸಿ ಯಜಮಾನ್ರೆ,” ಅಂದ ಕ್ಲೀವನ್, ನೆಲ ನೋಡುತ್ತ. “ಅದು ಬಂದಿದ್ದೇ ಕಾಣಿಸಲಿಲ್ಲ.”

“ನಂಗೆ ಕಾಣಿಸ್ತು,” ಅಂದ ಥರ್ಮನ್.

ಹಿಂದಿನ ಕೋಣೆಯ ಮೇಜಿನ ಮೇಲೆ ಎಣ್ಣೆ ಹತ್ತಿದ ಕಾಗದದ ಮೂರು ಪೊಟ್ಟಣಗಳಿದ್ದವು. ಬೆಳಗ್ಗೆ ಥರ್ಮನ್ ತಾನೇ ಬಸ್ಸು ಹಿಡಿದು ದಕ್ಷಿಣಕ್ಕೆ ಹೋಗಿ ತಂದದ್ದು. ಅಲ್ಡೊ ತನ್ನ ಮುಂದಿನದನ್ನು ಬಿಚ್ಚಿದ. ಹುರಿದ ಹಂದಿಮಾಂಸ, ಕಹಿ ಸೊಪ್ಪು, ಮೂಗಿಗೆ ಹೊಡೆಯುವ ಚೀಸ್. ಅವನ ಕೈ ಅಲ್ಲೇ ನಿಂತಿತು.

“ಅದೇ ಅಂಗಡೀದು, ಮಿಸ್ಟರ್ ಪೆಟ್ರೋನ್,” ಅಂದ ಥರ್ಮನ್. “ತಿನ್ನಿ. ಹಸಿದ ಹೊಟ್ಟೇಲಿ ಕೆಲಸದ ಮಾತು ಬೇಡ ಅಂತ ನೀವೇ ಅಂದಿದ್ರಿ.”

“ಥರ್ಮನ್...”

“ತಿನ್ನಿ ಅಂದೆ.”

ರೆಂಜೊ ಎದುರಿಗೆ ಕೂತು ಎರಡೂ ಕೈ ಚಾಚಿದ. ಥರ್ಮನ್ ಕತ್ತರಿ ತೆಗೆದುಕೊಂಡು ಅವನ ಕೈಗೆ ಸುತ್ತಿದ ಪಟ್ಟಿಯನ್ನು ಕತ್ತರಿಸತೊಡಗಿದ. ಒಳ್ಳೆಯ ಗೆಣ್ಣು. ಮುರಿದಿರದ ಗೆಣ್ಣು.

“ನೋಡು ಮಗ,” ಅಂದ ಥರ್ಮನ್, “ನಾನು ನಿನ್ನ ಒಳ್ಳೇದಕ್ಕೇ ಹೇಳೋದು. ಮೇಲಿದ್ದರೆ ಎಲ್ಲರ ಕಣ್ಣು ಬೀಳುತ್ತೆ. ಹತ್ತನೇ ಜಾಗ ಕೊಡ್ತೀನಿ. ಅದು ತಂಪು ಜಾಗ. ಬಾಯಿ ಮುಚ್ಕೊಂಡು ಕೂತ್ಕೊ, ಎರಡು ತಿಂಗಳಲ್ಲಿ ನಾನೇ ಮೇಲೆ ತರ್ತೀನಿ.”

ಮಾತಷ್ಟೇ ಅಲ್ಲ, ರಾಗವೂ ಅದೇ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ.

ಅಲ್ಡೊ ಪೊಟ್ಟಣವನ್ನು ದೂರ ಸರಿಸಿದ. “ಇದು ನನ್ನ ಮಾತು.”

“ನಿಮ್ಮದೇ. ಜೋಪಾನವಾಗಿ ಇಟ್ಟಿದ್ದೆ.”

“ಹುಡುಗ ಏನು ಮಾಡಿದಾನೆ ನಿಂಗೆ? ನನ್ನ ಮೇಲೆ ತೀರಿಸ್ಕೊ ಬಾ.”

“ನಿಮ್ಮ ಮೇಲೇನೇ ತೀರಿಸ್ಕೊಳ್ತಿರೋದು. ಕೂತ್ಕೊಂಡು ನೋಡಿ.”

ಮುದುಕ ಮೊಮ್ಮಗನ ಕಡೆ ತಿರುಗಿದ. “ತಗೊ ರೆಂಜೊ. ಹತ್ತರೊಳಗೆ ಒಂದು ಕಾಲು ಇಟ್ಟರೆ ಸಾಕು. ಜೂನ್‌ನಲ್ಲಿ ಚಾಂಪಿಯನ್ ನಿನ್ನನ್ನೇ ಕರೀತಾನೆ, ಮಾತಾಗಿದೆ. ಥ್ಯಾಂಕ್ಸ್ ಹೇಳಿ ತಗೊಂಡುಬಿಡು.”

ಥರ್ಮನ್ ಕಾದ. ಅವನಿಗೆ ಬೇಕಿದ್ದದ್ದು ಅಷ್ಟೇ. ಹುಡುಗ ಆ ಮಾತು ಅನ್ನಬೇಕು, ಅಲ್ಡೊ ಅದನ್ನು ಕಿವಿಯಾರೆ ಕೇಳಬೇಕು, ಕೇಳಿಸಿಕೊಂಡು ಮನೆಗೆ ಹೋಗಿ ಮಲಗಬೇಕು. ಮುಂದಿನ ತಿಂಗಳು, ಜೂನ್ ಬರುವ ಮೊದಲೇ, ಹುಡುಗ ಹತ್ತರಲ್ಲೂ ಇರುವುದಿಲ್ಲ.

“ನೊನ್ನೊ,” ಅಂದ ರೆಂಜೊ ತಾತನಿಗೆ, “ಏನಿದು?”

“ಆಮೇಲೆ ಹೇಳ್ತೀನಿ.”

“ಈಗ ಹೇಳು.”

ಅಲ್ಡೊ ಹ್ಯಾಟಿನ ಅಂಚನ್ನು ನೋಡುತ್ತ ಹೇಳಿದ. “ಇವನು ನಾಲ್ಕನೆಯವನಾಗಿದ್ದ. ನಾನು ಹತ್ತು ಅಂದೆ. ಆಮೇಲೆ ಅಲ್ಲಿಂದಲೂ ತೆಗೆದೆ.”

“ಯಾಕೆ?”

“ದೊಡ್ಡೋರು ಹೇಳಿದರು. ಮಾಡಿದೆ.”

ರೆಂಜೊ ಥರ್ಮನ್‌ನ ಕಡೆ ನೋಡಿದ. ಹುಬ್ಬಿನ ರಕ್ತ ಒಣಗುತ್ತಿತ್ತು. “ಹತ್ತು ಅಂದಾಗ ನೀವೇನಂದ್ರಿ?”

ಕತ್ತರಿ ನಿಂತಿತು. ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

“ಥ್ಯಾಂಕ್ಸ್ ಅಂದ,” ಮುದುಕನೇ ಮೆಲ್ಲಗೆ ಹೇಳಿದ. “ಸ್ಯಾಂಡ್‌ವಿಚ್ ಪೂರ್ತಿ ತಿಂದು ಎದ್ದ.”

ಇವನಿಗೂ ನೆನಪಿದೆ. ಥರ್ಮನ್‌ಗೆ ಮುಖದ ಮೇಲೆ ಬಿಸಿನೀರು ಎರಚಿದಂತಾಯಿತು. ಮರೆತಿರುತ್ತಾನೆ ಅಂದುಕೊಂಡೇ ಅವನು ಇಷ್ಟು ದಿನ ಈ ಮುದುಕನನ್ನು ದ್ವೇಷಿಸಿದ್ದ. ಮರೆಯದೆ ಇದ್ದದ್ದು ಇನ್ನೂ ಕೆಟ್ಟದಾಗಿತ್ತು. ಕೊನೆಯ ಪಟ್ಟಿಯನ್ನು ಒರಟಾಗಿ ಎಳೆದು ಕಿತ್ತ.

“ನಿಮ್ಮ ಕಣ್ಣಿಗೆ ನಾನು ಎಷ್ಟನೆಯವನು?” ಕೇಳಿದ ರೆಂಜೊ. “ಕೊಡೋದನ್ನ ಕೇಳ್ತಿಲ್ಲ. ಕಂಡದ್ದನ್ನ ಹೇಳಿ.”

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಥರ್ಮನ್ ಬಾಯಿ ತೆರೆದ. “ನಾಲ್ಕು,” ಅಂದ. ಅಂದಮೇಲೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ಅಂತ ತಿಳಿಯಲಿಲ್ಲ. “ಆದರೆ ಕೊಡೋದು ಹತ್ತು! ಬೇಡ ಅಂದರೆ ಅದೂ ಇಲ್ಲ. ಕ್ಲೀವನ್ ನಿನ್ನನ್ನ ಮಲಗಿಸಿದ ಅಂತ ಹೇಳ್ತೀನಿ, ಎದ್ದು ನಿಲ್ಲೋಕೂ ಆಗಲಿಲ್ಲ ಅಂತೀನಿ. ಈ ಬಾಗಿಲಾಚೆ ಅದನ್ನ ಸುಳ್ಳು ಅನ್ನೋ ಗಂಡಸು ಇಲ್ಲಿ ಒಬ್ಬನೂ ಇಲ್ಲ.”

“ಗೊತ್ತು,” ಅಂದ ರೆಂಜೊ. “ನಾನೂ ಅನ್ನಲ್ಲ.”

“ರೆಂಜೊ, ದಮ್ಮಯ್ಯ,” ಅಂದ ಅಲ್ಡೊ.

ಬಾಗಿಲು ತೆರೆಯಿತು. ಮಿಸ್ ವರ್ಡೆಲ್ ಬಿಸ್ಕತ್ತಿನ ಡಬ್ಬಿಯಿಂದ ತೆಗೆದ ಥರ್ಮನ್‌ನ ಫೋನನ್ನು ಎದೆಗೆ ಒತ್ತಿ ಹಿಡಿದಿದ್ದಳು. “ಪತ್ರಿಕೆಯವರು. ಅಚ್ಚಿಗೆ ಹೋಗೋ ಹೊತ್ತಂತೆ. ಏನು ಹೇಳ್ತೀಯ, ಹೇಳು ಅಂತಿದಾರೆ.”

ಥರ್ಮನ್ ಫೋನಿಗೆ ಕೈ ಚಾಚಿದ, ಆದರೆ ಕಣ್ಣು ಹುಡುಗನ ಮುಖ ಬಿಡಲಿಲ್ಲ. ಅವನ ದನಿ ಇಳಿದಿತ್ತು, ಬೆದರಿಸುವುದೋ ಬೇಡುವುದೋ ಅವನಿಗೇ ಗೊತ್ತಾಗದಷ್ಟು. “ಕೊನೇ ಸಲ ಕೇಳ್ತಿದೀನಿ. ಹತ್ತನೇ ಜಾಗ. ಥ್ಯಾಂಕ್ ಯೂ ಸರ್ ಅನ್ನು, ಸಾಕು. ಎಲ್ಲರೂ ಅಂತಾರೆ ಮಗ. ನಿನ್ನ ಜಾಗದಲ್ಲಿ ಯಾರಿದ್ದರೂ ಅಂತಾರೆ.”

ರೆಂಜೊ ತನ್ನ ಮುಂದಿನ ಪೊಟ್ಟಣವನ್ನು ಬಿಚ್ಚದೆಯೇ ಎತ್ತಿ, ಮೇಜಿನ ಈಚೆಗೆ, ಥರ್ಮನ್‌ನ ಮುಂದೆ ಇಟ್ಟ.

“ಬೇಡ,” ಅಂದ.