ಮಾಯಾ ಮೇಡಮ್‌ಗೆ ಆರಾಮಾಯಿತಂತೆ

ನನಗೆ ಆರಾಮಾಗಿದೆ ಎಂಬ ಸುದ್ದಿ ನನಗಿಂತ ಮೊದಲು ಓಣಿಗೆ ಗೊತ್ತಾಯಿತು. ಹಬ್ಬಿಸಿದವರು ಬೇರೆ ಯಾರೂ ಅಲ್ಲ, ನನ್ನ ಗಂಡ ಜೈಭೀಮ. ಕಲಬುರಗಿ ಕೋರ್ಟಿನಲ್ಲಿ ಗುಮಾಸ್ತರು, ಹತ್ತು ಮಾತು ಕೇಳಿ ಒಂದು ಮಾತಾಡುವ ಮನುಷ್ಯ. ಆದರೆ ಸಂತೋಷವಾದರೆ ಮಾತ್ರ ಅವರ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ. ಸೇಡಂ ರಸ್ತೆಯ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರು ನನ್ನ ನೋವಿನ ಗುಳಿಗೆಯನ್ನು ದಿನಕ್ಕೆ ಮೂರಿದ್ದದ್ದು ಎರಡು ಮಾಡಿದರು, ಆಮೇಲೆ ಎರಡಿದ್ದದ್ದು ಒಂದು ಮಾಡಿದರು. ಗುಳಿಗೆ ಕಡಿಮೆಯಾಯಿತೆಂದರೆ ನೋವೂ ಕಡಿಮೆಯಾಯಿತು ಎಂದು ಗಂಡ ತಿಳಿದರು. ಕೋಟನೂರಿನ ನಮ್ಮ ಓಣಿಯೂ ಹಾಗೇ ತಿಳಿಯಿತು.

“ಕಮಲಾಪುರದಿಂದ ಬರೋವಾಗ ಮೂರು ಡಜನ್ ಕೆಂಪು ಬಾಳಿಹಣ್ಣು ತಗೊಂಡು ಬಾ ಮಾಯಾ. ಮನಿಮನಿಗಿ ಕೊಡೋಣು,” ಎಂದರು.

ಕಮಲಾಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ಹಾಗಾಗಿ ನನಗೆ ಆರಾಮಾದ ಸಂಭ್ರಮದ ಹಣ್ಣನ್ನು ನಾನೇ ಹೊತ್ತುಕೊಂಡು, ಬಸ್ಸಿನಲ್ಲಿ ನಿಂತು, ಹಲ್ಲು ಕಚ್ಚಿಕೊಂಡು ತಂದೆ. ನಗಬೇಕೆನಿಸಿದರೆ ನಗಿ. ನನಗೂ ನಗು ಬಂದಿತ್ತು, ಆದರೆ ನಕ್ಕರೆ ಸೊಂಟ ಹಿಡಿದುಕೊಳ್ಳುತ್ತದೆ.

ನಾಲ್ಕು ವರ್ಷದ ಹಿಂದೆ ಇದೇ ದಾರಿಯ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದಿದ್ದೆ. ಬೆನ್ನುಮೂಳೆಗೆ ಆಪರೇಷನ್ ಆಯಿತು, ಸ್ಕ್ರೂ ಹಾಕಿದರು, ಎಕ್ಸ್‌ರೇ ತೆಗೆದು ಎಲ್ಲ ಸರಿಯಾಗಿ ಕೂಡಿದೆ ಎಂದರು. ಎಕ್ಸ್‌ರೇಯಲ್ಲಿ ನೋವು ಕಾಣುವುದಿಲ್ಲವಲ್ಲ! ಅದು ಸೊಂಟದ ಎಡಕ್ಕೆ ಶುರುವಾಗಿ ತೊಡೆಯ ಹಿಂದಿನಿಂದ ಹಿಮ್ಮಡಿಯವರೆಗೂ ಇಳಿಯುತ್ತದೆ. ನಿಂತರೆ ಹೇಗೋ ತಡೆಯಬಹುದು, ನಡೆದರೂ ತಡೆಯಬಹುದು. ಕುರ್ಚಿಯ ಮೇಲೆ ಕೂತರೆ ಮಾತ್ರ ಕಾದ ಹಂಚಿನ ಮೇಲೆ ಕೂತಂತೆ. ಬರಿನೆಲದ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿದಾಗ ಅದು ಸ್ವಲ್ಪ ಬಾಯಿ ಮುಚ್ಚುತ್ತದೆ. ಗುಳಿಗೆ ಮೂರಿದ್ದಾಗ ನೋವು ಪಕ್ಕದ ಮನೆಯ ಜಗಳದಂತೆ ಇತ್ತು, ಕೇಳಿಸುತ್ತಿತ್ತು, ಆದರೆ ನಮ್ಮದಲ್ಲ. ಒಂದಕ್ಕೆ ಇಳಿದ ಮೇಲೆ ಜಗಳ ನಮ್ಮ ಅಡುಗೆಮನೆಗೇ ಬಂತು. ಜೊತೆಗೆ ಸುಮ್ಮಸುಮ್ಮನೆ ಬೆವರು, ಮುಗಿಯದ ಆಕಳಿಕೆ, ಕೆಟ್ಟ ಹೊಟ್ಟೆ. ಅದೆಲ್ಲ ಕೆಲವು ವಾರಗಳಲ್ಲಿ ಹೋಯಿತು. ನೋವು ಹೋಗಲಿಲ್ಲ.

ಡಾಕ್ಟರು ಕೆಟ್ಟವರಲ್ಲ. ಹಾಸನದ ಕಡೆಯವರು, ಇನ್ನೂ ಚಿಕ್ಕ ವಯಸ್ಸು, ಮಾತಿನಲ್ಲಿ ನಯ. “ಇದು ಅಭ್ಯಾಸ ಆಗಿಬಿಡೋ ಮಾತ್ರೆ ಮೇಡಂ. ವರ್ಷಗಟ್ಟಲೆ ತಗೊಂಡ್ರೆ ನೋವನ್ನೇ ಜಾಸ್ತಿ ಮಾಡಬಹುದು. ನಿಧಾನವಾಗಿ ಬಿಡಿಸೋಣ. ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವಿಗೆ ಎಷ್ಟು ಕೊಡ್ತೀರಾ?” ಎಂದು ಕೇಳಿದ್ದರು.

ಇಷ್ಟು ವರ್ಷದ ನೌಕರಿಯಲ್ಲಿ ನಾನು ಯಾರಿಗೂ ಹತ್ತಕ್ಕೆ ಹತ್ತು ಕೊಟ್ಟವಳಲ್ಲ. ಎಂಟು ಕೊಡುವುದಕ್ಕೂ ಕೈ ಬರುವುದಿಲ್ಲ. “ನಾಲ್ಕು,” ಎಂದೆ. ಅವರು ನಾಲ್ಕು ಎಂದು ಬರೆದುಕೊಂಡರು. ಇಸ್ತ್ರಿ ಸೀರೆ ಉಟ್ಟು, ಎಣ್ಣೆ ಹಚ್ಚಿ ಹೆರಳು ಹಾಕಿ, ಕುರ್ಚಿಯ ಮೇಲೆ ನೆಟ್ಟಗೆ ಕೂತ ಹೆಂಗಸು ನಾಲ್ಕು ಎಂದರೆ ಯಾರು ನಂಬುವುದಿಲ್ಲ? “ತುಂಬಾ ಚೆನ್ನಾಗಿ ಕಾಣ್ತಿದೀರಾ,” ಎಂದರು. ಅವತ್ತೇ ಮೊದಲನೇ ಗುಳಿಗೆ ಹೋಯಿತು. ಮುಂದಿನ ಸಲವೂ ನಾಲ್ಕೇ ಎಂದೆ, ಎರಡನೆಯದೂ ಹೋಯಿತು.

ಹಾಗೆ ನೆಟ್ಟಗೆ ಕೂರುವುದನ್ನು ಕಲಿಸಿದವನು ನನ್ನ ಅಪ್ಪ ಯಂಕಪ್ಪ. ದಾಲ್ ಮಿಲ್ಲಿನಲ್ಲಿ ಹಮಾಲಿ. ಪಗಾರದ ದಿನ ಮಿಲ್ಲಿನ ಆಫೀಸಿನಲ್ಲಿ ಕುರ್ಚಿಗಳು ಖಾಲಿ ಬಿದ್ದಿದ್ದರೂ ನಮ್ಮ ಜಾತಿಯವರು ಚಪ್ಪಲಿ ಬಿಡುವಲ್ಲಿ ನೆಲಕ್ಕೆ ಕೂರಬೇಕಿತ್ತು. ನಾನು ಕಾಲೇಜಿಗೆ ಸೇರಿದ ವರ್ಷ ಅಪ್ಪ ಒಂದು ದಿನ ಒಳಗೆ ಹೋಗಿ, ಕುರ್ಚಿ ಎಳೆದುಕೊಂಡು ಕೂತ. ಕೆಲಸ ಹೋಯಿತು. ಮನೆಗೆ ಬಂದು ಅದನ್ನು ಹಬ್ಬದ ಸುದ್ದಿಯ ಹಾಗೆ ಹೇಳಿದ. “ಕಚೇರಿ ಇರ್ಲಿ, ದವಾಖಾನಿ ಇರ್ಲಿ, ತೊಳದ ಅರಿವಿ ಹಾಕ್ಕೊಂಡು ಹೋಗು ಮಾಯಾ. ಕುರ್ಚಿ ಕೇಳು. ನೆಲಕ್ಕ ಕುಂದರಬ್ಯಾಡ. ಯಾರ ಮುಂದೂ ಗೋಳಾಡಬ್ಯಾಡ.” ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವನ ಮಾತು ನನ್ನ ಬೆನ್ನಿನಲ್ಲಿ ಡಾಕ್ಟರು ಹಾಕಿದ ಸ್ಕ್ರೂಗಿಂತ ಗಟ್ಟಿಯಾಗಿ ಕೂತಿದೆ. ನೆಲದ ಮೇಲೆ ಮಲಗುವುದಾದರೆ ಬಾಗಿಲು ಹಾಕಿಕೊಂಡೇ ಮಲಗುತ್ತಿದ್ದೆ. ಗಂಡನಿಗೂ ಅದು ಗೊತ್ತಿರಲಿಲ್ಲ.

ಸುದ್ದಿ ಹಬ್ಬಿದ ಮೇಲೆ, ಆರಾಮಾದವಳಿಗೆ ಸಲ್ಲಬೇಕಾದ ಮರ್ಯಾದೆಗಳೆಲ್ಲ ಒಂದೊಂದಾಗಿ ಬಂದವು. ಬಿಡುವಿನ ಪಿರಿಯಡ್‌ನಲ್ಲಿ ನಾನು ಅಡ್ಡಾಗಲೆಂದು ಕೊಟ್ಟಿದ್ದ ಲ್ಯಾಬಿನ ಕೋಣೆಯನ್ನು ಹೆಡ್‌ಮಾಸ್ಟರ್ ಮಲ್ಲಣ್ಣ ಸರ್ ವಾಪಸ್ ತೆಗೆದುಕೊಂಡರು. “ಈಗೇನ್ರಿ ಮೇಡಮ್, ಆರಾಮ ಆಗ್ಯಾದಂತಲ್ಲ. ಪರೀಕ್ಷಾ ಡ್ಯೂಟಿನೂ ನಿಮಗ ಹಾಕೀನಿ,” ಎಂದರು. ಭಾನುವಾರ ಬುದ್ಧ ವಿಹಾರದಲ್ಲಿ ಹೆಂಗಸರು ಕೈ ಹಿಡಿದು, ಮುಖದಲ್ಲಿ ಕಳೆ ಬಂದಿದೆ ಎಂದರು. ಅದು ಬೆವರು. ಗಂಡ ನೀರಿನ ಕೊಡ ಎತ್ತುವುದನ್ನು ಬಿಟ್ಟರು, ಸಂತೆಯ ಚೀಲ ಹಿಡಿಯುವುದನ್ನು ಬಿಟ್ಟರು. ನನಗೆ ತೊಂದರೆಯಾಗಬಾರದೆಂದು ನಾಲ್ಕು ವರ್ಷದಿಂದ ಪಡಸಾಲೆಯಲ್ಲಿ ಮಲಗುತ್ತಿದ್ದವರು ಹಾಸಿಗೆ ಸುತ್ತಿಕೊಂಡು ಕೋಣೆಗೆ ಬಂದರು. ನಾನು ನೆಲ ಬಿಟ್ಟು ಮಂಚ ಹತ್ತಿದೆ. ಅವರು ಗೊರಕೆ ಹೊಡೆಯುತ್ತಿದ್ದರೆ ನಾನು ಹೊರಳಾಡದಂತೆ ದಿಂಬಿನ ತುದಿ ಕಚ್ಚಿಕೊಂಡು ಮಲಗುತ್ತಿದ್ದೆ. ಪಕ್ಕದಲ್ಲಿ ಮನುಷ್ಯರಿದ್ದೂ ಇಷ್ಟು ಒಂಟಿಯಾಗಬಹುದೆಂದು ನನಗೆ ಗೊತ್ತಿರಲಿಲ್ಲ.

ಬಾಯಿ ಬಿಟ್ಟು ಹೇಳಬಹುದಿತ್ತು. ಆದರೆ ಅವರು ಎಷ್ಟು ಖುಷಿಯಲ್ಲಿದ್ದರೆಂದರೆ, ಬೆಳಿಗ್ಗೆ ಚಹಾ ಕುಡಿಯುತ್ತ ಸಿಳ್ಳೆ ಹಾಕುತ್ತಿದ್ದರು. ಮದುವೆಯಾದ ಹೊಸತರಲ್ಲಿ ಕೇಳಿದ್ದ ಸಿಳ್ಳೆ. ಅದನ್ನು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

ನಿಜ ಗೊತ್ತಿದ್ದವಳು ಜೀನತ್ ಒಬ್ಬಳೇ. ಆಸ್ಪತ್ರೆಯ ಸಾಲಿನಲ್ಲಿ ಪರಿಚಯವಾದವಳು, ಬಟ್ಟೆ ಹೊಲಿದು ಹೊಲಿದು ಭುಜದ ನರ ಕೆಡಿಸಿಕೊಂಡವಳು. ಅವಳ ಗುಳಿಗೆಯೂ ಇಳಿದಿತ್ತು. ಬಂದವಳೇ ಕಾರಿಡಾರಿನ ನೆಲದ ಮೇಲೆ ಕಾಲು ಚಾಚಿ ಕೂತು “ಯಾ ಅಲ್ಲಾ” ಎಂದು ಇಡೀ ಆಸ್ಪತ್ರೆಗೆ ಕೇಳುವಂತೆ ನರಳುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಗೋಡೆಗೆ ಆತು ನಿಲ್ಲುತ್ತಿದ್ದೆ.

“ಅಕ್ಕಾ, ನೀವು ಶಾದಿಗಿ ಬಂದಂಗ ಬರ್ತೀರಿ. ದರ್ದ್ ಅದ ಅಂದ್ರ ಯಾರು ನಂಬ್ತಾರ್ರಿ? ತಲಿ ಬಾಚಬ್ಯಾಡ್ರಿ. ಹಳಿ ಸೀರಿ ಉಡ್ರಿ. ಒಳಗ ಹೋಗಿ ಜರಾ ಅಳ್ರಿ,” ಎಂದು ಬುದ್ಧಿ ಹೇಳಿದಳು.

“ನೀ ಅತ್ತಿಯಲ್ಲ, ನಿನಗ ನಂಬ್ಯಾರೇನು?”

“ಇಲ್ರಿ ಅಕ್ಕಾ. ನಾಟಕ ಮಾಡ್ತೀ ಅಂದ್ರು,” ಎಂದು ಬಿದ್ದು ಬಿದ್ದು ನಕ್ಕಳು. ನಕ್ಕು ಭುಜ ಹಿಡಿದುಕೊಂಡಳು.

ಕೊನೆಯ ಗುಳಿಗೆಯನ್ನೂ ನಿಲ್ಲಿಸುವ ದಿನ ಬಂತು. ಅದು ಹೋದರೆ ನಾನು ಬೋರ್ಡಿನ ಮುಂದೆ ನಿಲ್ಲಲಾರೆ ಎಂದು ನನಗೆ ಖಚಿತವಿತ್ತು. ನಿಲ್ಲಲಾರದ, ಕೂರಲಾರದ ಟೀಚರಿಗೆ ನೌಕರಿ ಯಾಕೆ? ಅಂದರೆ ಅವತ್ತು ಡಾಕ್ಟರು ನನ್ನನ್ನು ನಂಬಲೇಬೇಕಿತ್ತು. ಬೆಳಿಗ್ಗೆ ಹಳೆಯ ಸೀರೆಯನ್ನು ಕೈಗೆ ತೆಗೆದುಕೊಂಡೆ, ಮತ್ತೆ ಒಳಗಿಟ್ಟೆ. ಇಸ್ತ್ರಿ ಸೀರೆಯನ್ನೇ ಉಟ್ಟೆ. ಸಾಲಿನಲ್ಲಿ ಜೀನತ್ ಇರಲಿಲ್ಲ, ಅವಳು ಬರುವುದನ್ನೇ ಬಿಟ್ಟಿದ್ದಾಳೆ ಎಂದು ಯಾರೋ ಹೇಳಿದರು. ಬಹಳ ಹೊತ್ತು ಕಾದು ಒಳಗೆ ಹೋದೆ. ಡಾಕ್ಟರು ಕುರ್ಚಿ ತೋರಿಸಿದರು. ಕೂತೆ.

“ಹೋದ ಸಲ ನಾಲ್ಕೇ ಇತ್ತಲ್ವಾ ಮೇಡಂ? ಇವತ್ತಿಂದ ಪೂರ್ತಿ ನಿಲ್ಲಿಸಿಬಿಡೋಣ,” ಎಂದು ಬರೆಯಲು ಶುರು ಮಾಡಿದರು.

ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ, ಒಂದು ಅಕ್ಷರವೂ ಹೊರಡಲಿಲ್ಲ. ಸೊಂಟದಿಂದ ಹಿಮ್ಮಡಿಗೆ ಒಂದೇ ಸಮನೆ ಬೆಂಕಿ. ನಾನು ಎದ್ದೆ. ಚೀಲ ಪಕ್ಕಕ್ಕಿಟ್ಟೆ. ಮೇಜಿನ ಕಾಲು ಹಿಡಿದು ನಿಧಾನಕ್ಕೆ ಬಗ್ಗಿ, ಆ ಕೋಣೆಯ ನೆಲದ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿಕೊಂಡೆ.

“ಮೇಡಂ! ತಲೆ ಸುತ್ತು ಬಂತಾ?” ಡಾಕ್ಟರು ಗಾಬರಿಯಾದರು. ಬಾಗಿಲಲ್ಲಿದ್ದ ಆಯಾ ಓಡಿ ಬಂದು “ಏಳ್ರಿ, ಕುರ್ಚಿ ಮ್ಯಾಲ ಕುಂದರ್ರಿ,” ಎಂದಳು. ಅವಳ ಹಿಂದೆ ಸಾಲಿನವರು ಇಣುಕುತ್ತಿದ್ದರು.

“ಕುರ್ಚಿ ಬ್ಯಾಡ್ರಿ,” ಎಂದೆ. “ನಾಲ್ಕು ವರ್ಷ ಆತು, ನನಗ ಕುರ್ಚಿ ಮ್ಯಾಲ ಕೂಡಾಕ ಆಗಂಗಿಲ್ಲ. ನಿಮಗ ಸುಳ್ಳು ಹೇಳೀನಿ ಡಾಕ್ಟರ್. ಅಲ್ಲಿ ಕುಂತಾಗ ಎಂಟು, ಒಮ್ಮೊಮ್ಮೆ ಒಂಬತ್ತು. ಇಲ್ಲಿ ಮೂರು. ಈಗ ಕೇಳ್ರಿ ಏನ ಕೇಳೋದದ, ಹೇಳ್ತೇನಿ.”

ನಾಚಿಕೆಯಾಯಿತು. ಕಣ್ಣಿನ ನೀರು ಕೆನ್ನೆಗಿಳಿಯದೆ ಕಿವಿಯೊಳಗೆ ಹೋಯಿತು. ಅಪ್ಪನ ನೆನಪಾಯಿತು. ನಿನ್ನನ್ನು ಅವರು ನೆಲಕ್ಕೆ ಕೂರಿಸಿದ್ದರು, ನಾನು ನಾನಾಗಿಯೇ ಮಲಗಿದ್ದೇನೆ, ಎರಡೂ ಒಂದಲ್ಲ ಎಂದು ಅವನಿಗೆ ಹೇಳಬೇಕೆನಿಸಿತು. ಅವನು ಒಪ್ಪುತ್ತಿದ್ದನೋ ಇಲ್ಲವೋ.

ಮೇಜಿನ ಆಚೆಯಿಂದ ಡಾಕ್ಟರಿಗೆ ನಾನು ಕಾಣುತ್ತಿರಲಿಲ್ಲ. ಅವರು ಎದ್ದು ಈಚೆ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಬಾಗಿಲು ಹಾಕಲು ಆಯಾಗೆ ಹೇಳಿದರು. ಆಮೇಲೆ ಎಷ್ಟು ಅಂಕ ಎಂದು ಕೇಳಲಿಲ್ಲ. ಹೇಗೆ ಪಾಠ ಮಾಡುತ್ತೀರಿ, ಬಸ್ಸಿನಲ್ಲಿ ಹೇಗೆ ಹೋಗುತ್ತೀರಿ, ರಾತ್ರಿ ಏನು ಮಾಡುತ್ತೀರಿ ಎಂದು ಕೇಳಿದರು. ಎಲ್ಲ ಹೇಳಿದೆ. ದಿಂಬು ಕಚ್ಚುವುದನ್ನೂ ಹೇಳಿದೆ.

“ಇಳಿಸಿದ್ದು ಸ್ವಲ್ಪ ಜೋರಾಯ್ತು ಅನ್ಸುತ್ತೆ,” ಎಂದರು ಕೊನೆಗೆ. “ಮೊದಲಿನ ಹಾಗೆ ಮೂರಕ್ಕೆ ಹೋಗೋದು ಬೇಡ ಮೇಡಂ. ಆದರೆ ಇದೊಂದನ್ನ ಈಗ ನಿಲ್ಲಿಸಲ್ಲ. ಸ್ಕೂಲಲ್ಲಿ ಮಲಗೋಕೆ ಜಾಗ ಕೊಡಬೇಕು ಅಂತ ಬರೆದುಕೊಡ್ತೀನಿ. ನೋವು ಪೂರ್ತಿ ಹೋಗುತ್ತೆ ಅಂತ ಮಾತ್ರ ನಾನು ಹೇಳಲಾರೆ.” ನಾನು ಏಳಲು ಕೈ ಕೊಟ್ಟರು.

ಹೊರಗೆ ಬಂದವಳೇ ಗಂಡನಿಗೆ ಫೋನ್ ಮಾಡಿದೆ. ತಡ ಮಾಡಿದರೆ ಮತ್ತೆ ಬಾಯಿ ಕಟ್ಟುತ್ತದೆ ಎಂದು ಭಯವಾಗಿತ್ತು.

“ಗುಳಿಗಿ ನಿಲ್ಲಿಸಿದರೇನು?” ಎಂದರು. ದನಿಯಲ್ಲಿ ಉಮೇದು ಇತ್ತು.

“ಇಲ್ರಿ. ನಿಲ್ಲಿಸಿಲ್ಲ. ನನಗ ಆರಾಮ ಆಗಿಲ್ಲ. ಆಗ್ಯಾದ ಅಂತ ನೀವ ಅಂದ್ರಿ, ನಾ ಒಂದಿನಾನೂ ಅಂದಿಲ್ಲ. ದಿನಾ ನೋಯ್ತದ. ಇನ್ನ ಮುಂದೂ ನೋಯ್ತದಂತ.”

ಫೋನಿನಲ್ಲಿ ಅವರ ಹಿಂದೆ ಕೋರ್ಟಿನ ಜವಾನ ಯಾರದೋ ಹೆಸರು ಕೂಗುತ್ತಿದ್ದ. ಆ ಹೆಸರು ಮೂರು ಸಲ ಮುಗಿಯುವವರೆಗೆ ಕಾದೆ.

“ಮತ್ತ ಮಂದಿಗಿ ಏನ ಹೇಳ್ಲಿ?” ಎಂದರು.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರ ಸಂತೋಷವನ್ನು ನಾನೇ ಕಿತ್ತುಕೊಂಡೆನೇನೋ ಎನಿಸುವಷ್ಟು ದನಿ ಸೋತಿತ್ತು. ನಾಲ್ಕು ವರ್ಷದ ನೋವು ನನ್ನದು, ಸಮಾಧಾನ ಮಾಡಬೇಕಾದವಳೂ ನಾನೇ.

“ಏನರ ಹೇಳ್ರಿ,” ಎಂದೆ. “ಆದರ ಇವತ್ತಿನಿಂದ ನಾ ನೆಲದ ಮ್ಯಾಲ ಮಲಗ್ತೇನಿ. ನೀವು ಮಂಚದ ಮ್ಯಾಲ ಮಲಗ್ರಿ.”

“ಹೂಂ,” ಎಂದರು. ಯಾಕೆ ಎಂದು ಕೇಳಲಿಲ್ಲ.