ಅಪ್ಪನಿಗೆ ಕೂಗಬೇಕಾದ ಮಾತು

ಹನ್ನೊಂದು ಗಂಟೆಗೆ ಅಪ್ಪನ ಪೆಟ್ಟಿಗೆ ಚಿತಾಗಾರದ ಒಲೆಯೊಳಗೆ ಹೋಗುತ್ತದೆ. ಬಾಗಿಲು ಮುಚ್ಚುವ ಮೊದಲು ಮಕ್ಕಳು "ಬೆಂಕಿ ಬಂತು, ಓಡು!" ಎಂದು ಕೂಗಬೇಕು. ಇಲ್ಲದಿದ್ದರೆ ಜೀವ ಅಲ್ಲೇ ಕೂತು ಬೇಯುತ್ತದೆ. ಮಕ್ಕಳು ಎಂದರೆ ನಾನೊಬ್ಬಳೇ.

ನನ್ನ ಹೆದರಿಕೆ ಇಷ್ಟೇ: ಅಪ್ಪನಿಗೆ ತಿಳಿಯುವ ಭಾಷೆ ನನಗೆ ಬರುವುದಿಲ್ಲ. ಮಲೇಷ್ಯಾದ ಈ ಇಪೋ ಊರಲ್ಲಿ ನಮ್ಮ ಚೀನೀಯರ ಬಾಯಲ್ಲೆಲ್ಲ ಕ್ಯಾಂಟನೀಸ್. ಅಮ್ಮನದೂ ಅದೇ, ಮನೆಯದೂ ಅದೇ. ಶಾಲೆಯಲ್ಲಿ ಮ್ಯಾಂಡರಿನ್. ಅಪ್ಪನ ಭಾಷೆ ಹೈನಾನೀಸ್, ಅದು ಅವನ ಕಾಫಿ ಅಂಗಡಿಯ ಅಡುಗೆಮನೆ ದಾಟಲಿಲ್ಲ. ನಾನೇಕೆ ಕಲಿಯಲಿಲ್ಲ? ಸೊಕ್ಕು. ಗೆಳತಿಯರ ಎದುರು ಅಪ್ಪ ಆ ಭಾಷೆಯಲ್ಲಿ ಕರೆದರೆ ನಾಚಿಕೆಯಾಗುತ್ತಿತ್ತು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಅವನ ಉಳಿದ ಭಾಷೆಗಳೆಲ್ಲ ಅಳಿಸಿಹೋದವು, ಇದೊಂದೇ ಉಳಿಯಿತು. ಆಮೇಲೆ ನಾವಿಬ್ಬರೂ ಮುಖ ಮುಖ ನೋಡಿಕೊಂಡು ಕೂರುತ್ತಿದ್ದೆವು.

"ಕ್ಯಾಂಟನೀಸಲ್ಲೇ ಕೂಗೇ, ಮಗಳೇ ಯೊಕ್ ಹಾ," ಎಂದಳು ಅಮ್ಮ, ಶವದ ವ್ಯಾನಿನಲ್ಲಿ. "ನಲವತ್ತು ವರ್ಷ ನನ್ನ ಹತ್ರ ಬೈಸ್ಕೊಂಡ ಮನುಷ್ಯ. ಅಷ್ಟೂ ಅರ್ಥ ಆಗಲ್ವಾ?"

"ಈ ಎರಡು ವರ್ಷದಲ್ಲಿ ಒಂದ್ಸಲನಾದ್ರೂ ತಿರುಗಿ ಬೈದ್ನಾ?"

ಅಮ್ಮ ಕಿಟಕಿಯ ಕಡೆ ತಿರುಗಿಕೊಂಡಳು.

ನನಗೆ ಗತಿ ಮುನಿಯಾಂಡಿ ಮಾಮ. ಮೂವತ್ತು ವರ್ಷ ಅಪ್ಪನ ಪಕ್ಕ ನಿಂತು ಕಾಫಿ ಸೋಸಿದ ತಮಿಳಿನವರು. ನನ್ನಪ್ಪನ ಭಾಷೆ ನನಗೆ ಅವರು ಹೇಳಿಕೊಡಬೇಕಾಯಿತು.

"ಇನ್ನೊಂದ್ಸಲ ಹೇಳು, ಕಂದಾ."

ಹೇಳಿದೆ.

"ಥೂ, ಹಂಗಂದ್ರೆ ಯಜಮಾನ್ರು ಮಗ್ಗುಲು ಬದಲಾಯಿಸಿ ಮಲಗ್ತಾರೆ. ಗಟ್ಟಿಯಾಗಿ!"

ಚಿತಾಗಾರದ ಹೊರಗೆ ನಿಲ್ಲಿಸಿಕೊಂಡು ಇಪ್ಪತ್ತು ಸಲ ಹೇಳಿಸಿದರು.

ಪೆಟ್ಟಿಗೆ ಒಲೆಯತ್ತ ಸರಿಯತೊಡಗಿತು. ಪುರೋಹಿತ ಗಂಟೆ ಬಾರಿಸುತ್ತಾ ನನ್ನತ್ತ ನೋಡಿದ. ಬಾಯಿ ತೆರೆದೆ. ಬೆಂಕಿಗೆ ಏನನ್ನುತ್ತಾರೆ? ತಲೆ ಖಾಲಿ. ಬಾಗಿಲು ಅರ್ಧ ಇಳಿದಿತ್ತು. ಮಾಮನ ತುಟಿ ಅಲ್ಲಾಡುತ್ತಿತ್ತು, ಗಂಟೆಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಅಪ್ಪ ಸುಟ್ಟುಹೋಗುತ್ತಾನೆ, ನನ್ನ ಸೊಕ್ಕಿನಿಂದ ಸುಟ್ಟುಹೋಗುತ್ತಾನೆ.

ಆಗ ಗಂಟಲಿನಿಂದ ಬೇರೆಯೇ ಮಾತು ಹೊರಬಿತ್ತು. ನಾನು ಶಾಲೆಗೆ ಹೋದ ಹನ್ನೊಂದು ವರ್ಷವೂ ಮಹಡಿಯಲ್ಲಿ ಮಲಗಿದ್ದ ನನ್ನನ್ನು ಎಬ್ಬಿಸಲು ಅಪ್ಪ ದಿನಾ ಬೆಳಿಗ್ಗೆ ಕೆಳಗೆ ಅಂಗಡಿಯ ಅಡುಗೆಮನೆಯಿಂದ ಕಿರುಚುತ್ತಿದ್ದ ಮಾತು. ಅಚ್ಚ ಹೈನಾನೀಸ್, ಅವನದೇ ರಾಗ.

"ಬಸ್ಸು ಬಂತು, ಓಡು! ಬಸ್ಸು ಬಂತು, ಓಡು!"

ಬಾಗಿಲು ಮುಚ್ಚಿತು.

"ಮಾಮ, ತಪ್ಪು ಕೂಗಿಬಿಟ್ಟೆ. ಅಪ್ಪ ಎದ್ದಿರ್ತಾನಾ?"

ಮಾಮ ಕಣ್ಣೊರೆಸಿಕೊಂಡರು.

"ಆ ಕೂಗಿಗೆ ನೀನು ಒಂದಿನನಾದ್ರೂ ಮಲಗೇ ಇದ್ದದ್ದುಂಟಾ?"

"ಇಲ್ಲ," ಎಂದೆ. ಅಷ್ಟು ಹೇಳಿ ಅತ್ತುಬಿಟ್ಟೆ.